ತಲೆಗೆ ಪೆಟ್ಟಾದ ಮಾಜಿ ಸೈನಿಕರಲ್ಲಿ ಅಪಸ್ಮಾರ: ಮನೆಯವರು ಗಮನಿಸಬೇಕಾದದ್ದು

ತಲೆಗೆ ಗುಂಡು ಅಥವಾ ಸ್ಫೋಟದ ಚೂರು ಹೊಕ್ಕು ಬದುಕುಳಿದ ಸೈನಿಕನ ಗಾಯ ಹೊರಗಿನಿಂದ ಬೇಗ ಮಾಯುತ್ತದೆ. ಒಳಗೆ ಮಿದುಳಿನ ಮೇಲೆ ಉಳಿದ ಕಲೆ ಮಾತ್ರ ಎಷ್ಟೋ ವರ್ಷಗಳ ನಂತರವೂ ಫಿಟ್ಸ್ ತರಬಲ್ಲದು. ವಿಯೆಟ್ನಾಂ ಯುದ್ಧದಲ್ಲಿ ತಲೆಬುರುಡೆ ಭೇದಿಸಿದ ಗಾಯವಾಗಿದ್ದ ಅಮೆರಿಕದ ಸೈನಿಕರ ಕುರಿತ ಅಧ್ಯಯನದ 1985ರ ವರದಿಯಂತೆ, ಸುಮಾರು 15 ವರ್ಷಗಳಲ್ಲಿ ಅವರಲ್ಲಿ ಶೇ. 53ರಷ್ಟು ಮಂದಿಗೆ ಅಪಸ್ಮಾರ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಬಂದಿತ್ತು. ಅದೇ ಅಧ್ಯಯನದ 2010ರ ವರದಿಯಲ್ಲಿ, ಅಪಸ್ಮಾರ ಬಂದ 87 ಮಂದಿಯ ಪೈಕಿ 11 ಮಂದಿಗೆ ಮೊದಲ ಫಿಟ್ಸ್ ಬಂದದ್ದು ಗಾಯವಾಗಿ 14 ವರ್ಷ ಕಳೆದ ಮೇಲೆ. ಸ್ವಲ್ಪ ಹೊತ್ತಷ್ಟೇ ಪ್ರಜ್ಞೆ ತಪ್ಪಿದ್ದ ಸಣ್ಣ ಪೆಟ್ಟಿನಲ್ಲಿ ಈ ಅಪಾಯ ಬಹಳ ಕಡಿಮೆ. ಅಂಥವರ ಮನೆಯವರು ಹಗಲಿರುಳು ಹೆದರಬೇಕಾಗಿಲ್ಲ.

ಮೊದಲು ಗಾಯದ ಇತಿಹಾಸವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಪೆಟ್ಟು ಯಾವಾಗ ಬಿತ್ತು, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಮಿದುಳಿನಲ್ಲಿ ರಕ್ತಸ್ರಾವವಾಗಿತ್ತೆ, ಶಸ್ತ್ರಚಿಕಿತ್ಸೆ ನಡೆಯಿತೆ, ಲೋಹದ ಚೂರು ಒಳಗೇ ಉಳಿದಿದೆಯೆ ಎಂಬುದನ್ನು ಇಪ್ಪತ್ತು ವರ್ಷಗಳ ನಂತರ ಕೇಳುವ ವೈದ್ಯರಿಗೆ ನೆನಪಿನಿಂದ ಹೇಳಲಾಗದು. ಲೋಹದ ಚೂರಿನ ವಿಷಯವಂತೂ ಎಂಆರ್‌ಐ ಮಾಡುವವರಿಗೆ ಮುಂಚಿತವಾಗಿ ತಿಳಿಯಲೇಬೇಕು.

ತೀವ್ರ ಪೆಟ್ಟಿನ ನಂತರ ಕೊಡುವ ಫಿಟ್ಸ್ ನಿರೋಧಕ ಔಷಧ ಮೊದಲ ವಾರದ ಫಿಟ್ಸ್ ತಡೆಯುತ್ತದೆ. ಮುಂದೆ ಬರಬಹುದಾದ ಅಪಸ್ಮಾರವನ್ನು ತಡೆಯುವ ಮಾತ್ರೆ ಇನ್ನೂ ಇಲ್ಲ. ಆದ್ದರಿಂದ ಮನೆಯವರ ಕಣ್ಣಿಗೆ ಇಷ್ಟು ಬೆಲೆ.

ಆ ಕಣ್ಣು ಏನನ್ನು ಹುಡುಕಬೇಕು? ನೆಲಕ್ಕೆ ಬಿದ್ದು ಕೈಕಾಲು ಸೆಟೆದುಕೊಳ್ಳುವುದಷ್ಟೇ ಫಿಟ್ಸ್ ಅಲ್ಲ. ಮಾತಿನ ನಡುವೆ ದೃಷ್ಟಿ ನೆಟ್ಟು ಒಂದೆರಡು ನಿಮಿಷ ಉತ್ತರಿಸದಿರುವುದು, ತುಟಿ ಚಪ್ಪರಿಸುವುದು, ಅಂಗಿಯ ಗುಂಡಿಯನ್ನು ಸುಮ್ಮನೆ ತಡಕಾಡುವುದು, ಇಲ್ಲದ ವಾಸನೆ ಬಂದಂತಾಗುವುದು, ಆಮೇಲೆ ಕೆಲಕಾಲ ಗಲಿಬಿಲಿಗೊಳ್ಳುವುದು ಇವೆಲ್ಲ ಫಿಟ್ಸ್ ಆಗಿರಬಹುದು. ಯುದ್ಧದ ಆಘಾತದಿಂದ ಬಳಲುವವರಲ್ಲಿ ಇದನ್ನು ‘ಹಳೆಯ ನೆನಪು ಬಂದಿರಬೇಕು’ ಎಂದು ಬದಿಗೆ ಸರಿಸುವುದು ತೀರಾ ಸುಲಭ. ನನ್ನ ದೃಷ್ಟಿಯಲ್ಲಿ ಮನೆಯವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಅದರ ತದ್ವಿರುದ್ಧವೂ ಉಂಟು: ಅಪಸ್ಮಾರದಂತೆಯೇ ಕಂಡರೂ ಮಿದುಳಿನ ವಿದ್ಯುತ್ ಏರುಪೇರಿಲ್ಲದೆ, ಮಾನಸಿಕ ಆಘಾತದಿಂದ ಬರುವ ಸೆಳೆತಗಳು. ಅವು ನಟನೆಯಲ್ಲ, ಅವುಗಳ ಚಿಕಿತ್ಸೆ ಮಾತ್ರ ಬೇರೆ. ಎರಡನ್ನೂ ಬೇರ್ಪಡಿಸಲು ವಿಡಿಯೊ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯನ್ನೂ ವ್ಯಕ್ತಿಯ ಚಲನವಲನವನ್ನೂ ಒಟ್ಟಿಗೆ ದಾಖಲಿಸುವ ಪರೀಕ್ಷೆ) ಬೇಕಾಗುತ್ತದೆ, ಏಕೆಂದರೆ ಒಮ್ಮೆ ಮಾಡಿದ ಸಾಮಾನ್ಯ ಇಇಜಿಯಲ್ಲಿ ಏನೂ ಕಾಣದಿದ್ದರೂ ಅಪಸ್ಮಾರವಿಲ್ಲ ಎಂದಾಗುವುದಿಲ್ಲ. ನೀವು ಫೋನಿನಲ್ಲಿ ಹಿಡಿದ ಅರ್ಧ ನಿಮಿಷದ ದೃಶ್ಯ, ಜೊತೆಗೆ ದಿನಾಂಕ, ಹೊತ್ತು, ಹಿಂದಿನ ರಾತ್ರಿಯ ನಿದ್ದೆಯ ಟಿಪ್ಪಣಿ ನರರೋಗ ತಜ್ಞರಿಗೆ ಬಹಳ ನೆರವಾಗುತ್ತವೆ.

ಫಿಟ್ಸ್ ಬಂದಾಗ ಗಡಿಯಾರ ನೋಡಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಸೆಳೆತ ಇಳಿದೊಡನೆ ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನನ್ನೂ ತುರುಕಬೇಡಿ. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಂದು ಬಂದರೆ, ಅಥವಾ ಇದು ಮೊದಲ ಫಿಟ್ಸ್ ಆಗಿದ್ದರೆ ಆಂಬುಲೆನ್ಸ್ ಕರೆಯಿರಿ. ಬಲವಂತವಾಗಿ ಅದುಮಿ ಹಿಡಿಯಬೇಡಿ: ಗಲಿಬಿಲಿಯಲ್ಲಿರುವ ಸೈನಿಕನಿಗೆ ಹಿಂದಿನಿಂದ ಹಿಡಿದ ಕೈ ಶತ್ರುವಿನದೆಂದು ತೋರಬಹುದು. ಎದುರಿಗೆ, ಸ್ವಲ್ಪ ದೂರದಲ್ಲಿ ಕುಳಿತು, ಮೆಲುದನಿಯಲ್ಲಿ ಹೆಸರು ಹಿಡಿದು ಮಾತನಾಡಿಸಿ.

ನಿದ್ದೆಗೇಡು, ಮದ್ಯ, ಕುಡಿತವನ್ನು ಹಠಾತ್ತನೆ ಬಿಡುವುದು, ಮಾತ್ರೆ ತಪ್ಪಿಸುವುದು ಇವು ಫಿಟ್ಸ್ ಕೆರಳಿಸುತ್ತವೆ. ನೋವಿಗೆ ಕೊಡುವ ಟ್ರಮಡಾಲ್, ಖಿನ್ನತೆಗೆ ಕೊಡುವ ಬುಪ್ರೊಪಿಯಾನ್ ಫಿಟ್ಸ್‌ನ ಸಾಧ್ಯತೆಯನ್ನು ಹೆಚ್ಚಿಸುವುದರಿಂದ, ಔಷಧ ಬರೆಯುವ ಪ್ರತಿಯೊಬ್ಬ ವೈದ್ಯರಿಗೂ ತಲೆಯ ಗಾಯದ ವಿಷಯ ಹೇಳಿ. ಅಪಸ್ಮಾರ ಖಚಿತವಾಗಿ ಲೆವೆಟಿರಾಸೆಟಮ್ ಎಂಬ ಫಿಟ್ಸ್ ನಿರೋಧಕ ಮಾತ್ರೆ ಆರಂಭಿಸಿದರೆ ಕೆಲವರಲ್ಲಿ ಸಿಡುಕು, ಕೋಪ, ಖಿನ್ನತೆ ಹೆಚ್ಚುತ್ತದೆ. ಆಘಾತದ ನೆನಪುಗಳಿಂದ ಮೊದಲೇ ಬಳಲುವ ವ್ಯಕ್ತಿಯಲ್ಲಿ ಇದು ಕಂಡರೆ ‘ಅವರ ಸ್ವಭಾವವೇ ಹಾಗೆ’ ಎನ್ನದೆ, ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಕೂಡಲೇ ವೈದ್ಯರಿಗೆ ತಿಳಿಸಿ. ಸಾಯುವ ಮಾತು ಬಂದರೆ ಅದೇ ದಿನ ವೈದ್ಯಕೀಯ ನೆರವು ಪಡೆಯಿರಿ, ಮನೆಯಲ್ಲಿ ಬಂದೂಕಿದ್ದರೆ ಅದನ್ನು ಬೇರೆಡೆ ಸುರಕ್ಷಿತವಾಗಿ ಇರಿಸಿ.

ವಾಹನ ಚಾಲನೆ, ಒಂಟಿಯಾಗಿ ಈಜುವುದು, ಎತ್ತರದ ಕೆಲಸ ಇವುಗಳ ಮಾತು ಎತ್ತುವುದು ಕಷ್ಟ. ಸೈನಿಕನಾಗಿದ್ದವನಿಗೆ ಸ್ವಾವಲಂಬನೆ ಕೈಬಿಡುವುದು ಗಾಯಕ್ಕಿಂತ ನೋವು ಕೊಡಬಹುದು. ನೀವೇ ನಿಷೇಧ ಹೇರುವುದಕ್ಕಿಂತ, ಎಷ್ಟು ಕಾಲ ಫಿಟ್ಸ್ ಇಲ್ಲದಿದ್ದರೆ ಮತ್ತೆ ವಾಹನ ಓಡಿಸಬಹುದೆಂಬುದನ್ನು ಅವರ ಎದುರಿನಲ್ಲೇ ವೈದ್ಯರನ್ನು ಕೇಳಿ. ಬಚ್ಚಲುಮನೆಯ ಚಿಲಕ ಹಾಕದಿರುವಂಥ ಸಣ್ಣ ಬದಲಾವಣೆಗಳನ್ನು ಆ ಭೇಟಿಗೆ ಮೊದಲೇ, ಅವರ ಒಪ್ಪಿಗೆ ಪಡೆದು ಮಾಡಿಕೊಳ್ಳಿ.