ಮೈಸೂರು ಝೂ ನೋಡುವುದು ಹೇಗೆ? ಕೀಪರ್‌ಗೆ ಒಂದೇ ಪ್ರಶ್ನೆ ಕೇಳಿ

ದಸರಾ ರಜೆಯಲ್ಲಿ ಮೈಸೂರು ಝೂಗೆ ಹೋದರೆ ಪ್ರಾಣಿಗಳಿಗಿಂತ ಜನರೇ ಜಾಸ್ತಿ ಕಾಣಿಸುತ್ತಾರೆ. ಹಾಗಾಗಿ ರಜೆ, ಭಾನುವಾರ ಎರಡನ್ನೂ ಬಿಟ್ಟುಬಿಡಿ. ಮಂಗಳವಾರ ಸಾಮಾನ್ಯವಾಗಿ ಝೂಗೇ ರಜೆ. ಉಳಿದ ಯಾವುದಾದರೂ ದಿನ ಬೆಳಿಗ್ಗೆ 8.30ಕ್ಕೆ ಗೇಟ್ ತೆರೆಯುವ ಹೊತ್ತಿಗೆ ಅಲ್ಲಿರಿ. ಬಿಸಿಲು ಏರಿದರೆ ಹುಲಿ ನೆರಳು ಹುಡುಕಿಕೊಂಡು ಮಲಗಿಬಿಡುತ್ತದೆ, ಆಮೇಲೆ ಮಕ್ಕಳು "ಹುಲಿ ಎಲ್ಲಿ, ಹುಲಿ ಎಲ್ಲಿ" ಅಂತ ಪ್ರಾಣ ತಿನ್ನುತ್ತವೆ.

ಇನ್ನೊಂದು ವಿಷಯ, ಎಲ್ಲವನ್ನೂ ನೋಡಲು ಹೋಗಬೇಡಿ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಶುರು ಮಾಡಿದಾಗ ಇದು ಹತ್ತು ಎಕರೆ ತೋಟ. ಈಗ ಕಾರಂಜಿ ಕೆರೆಯೂ ಸೇರಿ ಸುಮಾರು 157 ಎಕರೆ. ಓಡಿ ಓಡಿ ನೋಡಿದರೆ ಸಂಜೆಗೆ ನೆನಪಿರುವುದು ಕಾಲುನೋವು ಮಾತ್ರ. ಜಿರಾಫೆ ಮುಂದೆ ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆಮೇಲೆ ಎರಡು ಮೂರು ನಮ್ಮ ಕಾಡಿನ ಪ್ರಾಣಿ ಆರಿಸಿಕೊಂಡು, ಒಂದೊಂದರ ಮುಂದೆ ಅರ್ಧ ಗಂಟೆ ನಿಲ್ಲಿ. ನನ್ನ ಆಯ್ಕೆ ಸಿಂಗಳೀಕ (ಸಿಂಹಬಾಲದ ಕೋತಿ), ಕಾಟಿ (ಕಾಡುಕೋಣ), ತೋಳ.

ನಿಂತಾಗ ಆ ಪ್ರಾಣಿ ನೋಡಿಕೊಳ್ಳುವ ಕೀಪರ್ ಸಿಕ್ಕರೆ ಈ ಪ್ರಶ್ನೆ ಕೇಳಿ: "ಇದು ಎಲ್ಲಿಂದ ಬಂತು ಸಾರ್?" ಅವರಿಗೆ ಬಿಡುವಿದ್ದಾಗ ಕೇಳಿ, ಊಟ ಹಾಕುವ ಹೊತ್ತಲ್ಲಿ ಮಾತ್ರ ಬೇಡ. ಝೂ ಅಂದರೆ ಏನು ಕೆಲಸ ಅನ್ನೋದು ಈ ಉತ್ತರದಲ್ಲೇ ಇದೆ. ಸಾಮಾನ್ಯವಾಗಿ ಮೂರರಲ್ಲಿ ಒಂದು ಉತ್ತರ ಬರುತ್ತದೆ.

"ಇಲ್ಲೇ ಹುಟ್ಟಿದ್ದು" ಅಂದರೆ ಅದು ಸಾಕಿ ಬೆಳೆಸುವ ಯೋಜನೆಯ ಫಲ ಇರಬಹುದು. ಅಳಿವಿನಂಚಿನ ಪ್ರಾಣಿಗಳಿಗೆ ವಂಶಾವಳಿ ಪುಸ್ತಕ ಇಡುತ್ತಾರೆ, ನಮ್ಮಲ್ಲಿ ಮದುವೆಗೆ ಮುಂಚೆ ಗೋತ್ರ ಕೇಳಿದ ಹಾಗೆ. ಯಾವ ಗಂಡು ಯಾರ ಮಗ, ಯಾವ ಹೆಣ್ಣು ಯಾರ ಮೊಮ್ಮಗಳು ಎಂಬುದೆಲ್ಲ ಅದರಲ್ಲಿರುತ್ತದೆ. ಹತ್ತಿರದ ಸಂಬಂಧದಲ್ಲೇ ಮರಿ ಹುಟ್ಟುತ್ತಾ ಹೋದರೆ ತಳಿ ಕುಗ್ಗುತ್ತದೆ. "ಬೇರೆ ಝೂನಿಂದ ಬಂತು" ಅನ್ನುವ ಎರಡನೇ ಉತ್ತರದ ಹಿಂದೆಯೂ ಎಷ್ಟೋ ಸಲ ಇದೇ ಕಾರಣ ಇರುತ್ತದೆ, ಸುಮ್ನೆ ಪ್ರದರ್ಶನಕ್ಕೆ ಅಂತ ಅಂದುಕೊಳ್ಳಬೇಡಿ.

ಹೀಗೆ ಬೆಳೆಸಿದ್ದನ್ನು ಕಾಡಿಗೆ ಬಿಡಬಹುದಾ? ಬಿಟ್ಟಿದ್ದಾರೆ. ಅರೇಬಿಯಾದ ಓರಿಕ್ಸ್ ಎಂಬ ಬಿಳಿ ಜಿಂಕೆಯಂಥ ಪ್ರಾಣಿ 1972ರ ಹೊತ್ತಿಗೆ ಮರಳುಗಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಅಮೆರಿಕದ ಫೀನಿಕ್ಸ್ ಝೂನಲ್ಲಿ ಕೆಲವೇ ಕೆಲವನ್ನು ಕಾಪಾಡಿ ಬೆಳೆಸಿದ್ದರು, ಅಂಥವುಗಳ ಸಂತತಿಯನ್ನು 1982ರಲ್ಲಿ ಓಮನ್‌ನಲ್ಲಿ ಬಿಟ್ಟರು. ಸಂತೋಷದ ಕಥೆ ಅಲ್ವಾ? ಮುಂದೆ ಕೇಳಿ. ಬಿಟ್ಟವು ಚೆನ್ನಾಗಿ ಹೆಚ್ಚಿದವು, ಆಮೇಲೆ ಕಳ್ಳಬೇಟೆ ಶುರುವಾಗಿ ನೂರಾರು ಹೋದವು, ಸರ್ಕಾರ ಅವುಗಳಿಗೆ ಅಂತ ಇಟ್ಟಿದ್ದ ರಕ್ಷಿತ ಜಾಗವನ್ನೂ ಬಹುಪಾಲು ಕಡಿಮೆ ಮಾಡಿತು. 2007ರಲ್ಲಿ ಯುನೆಸ್ಕೋ ತನ್ನ ವಿಶ್ವ ಪರಂಪರೆ ಪಟ್ಟಿಯಿಂದ ಆ ಜಾಗವನ್ನು ತೆಗೆದುಹಾಕಿತು. ಸಿಂಗಳೀಕದ ಮುಂದೆ ನಿಂತಾಗ ಇದನ್ನೇ ಮಕ್ಕಳಿಗೆ ಹೇಳಿ. ಅದು ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದು ವಾಸವಿರುವ ಶರಾವತಿ ಕಣಿವೆಯಂಥ ಕಾಡು ಹೋದರೆ ಝೂನಲ್ಲಿರುವ ಸಿಂಗಳೀಕವನ್ನು ಎಲ್ಲಿಗೆ ಬಿಡುವುದು?

ಮೂರನೇ ಉತ್ತರ "ರೆಸ್ಕ್ಯೂ ಮಾಡಿದ್ದು". ಇದನ್ನು ಕೇಳಿದಾಗ ನನಗೆ ಸ್ವಲ್ಪ ಬೇಜಾರಾಗುತ್ತದೆ, ಯಾಕೆಂದರೆ ಕೆಲವು ಸಲ ತಪ್ಪು ನಮ್ಮದೇ. ಮಂಡ್ಯ, ಮೈಸೂರು ಕಡೆ ಕಬ್ಬು ಕಡಿಯುವಾಗ ಚಿರತೆ ಮರಿ ಸಿಗುವುದು ಹೊಸದೇನಲ್ಲ. ತಾಯಿ ಅಲ್ಲೇ ಎಲ್ಲೋ ಇರುತ್ತಾಳೆ. ಪಾಪ ಅಂತ ಮರಿ ಎತ್ತಿಕೊಂಡು, ಹಾಲು ಕುಡಿಸಿ, ವಿಡಿಯೋ ಮಾಡಿ ಊರೆಲ್ಲ ಹಂಚುವಷ್ಟರಲ್ಲಿ ತಾಯಿ ಹತ್ತಿರ ಸೇರಿಸುವ ಅವಕಾಶ ಕೈತಪ್ಪುತ್ತದೆ. ಮನುಷ್ಯರ ಕೈಯಲ್ಲೇ ಬೆಳೆದ ಚಿರತೆಯನ್ನು ಕಾಡಿಗೆ ಬಿಡುವುದು ತುಂಬಾ ಕಷ್ಟ, ಹಾಗಾಗಿ ಅದಕ್ಕೆ ಜೀವನಪೂರ್ತಿ ಬೋನೇ ಗತಿ. ಮರಿ ಕಂಡರೆ ಮುಟ್ಟಬೇಡಿ, ಕಟಾವು ನಿಲ್ಲಿಸಿ ಎಲ್ಲರೂ ದೂರ ಸರಿಯಿರಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಇಲಾಖೆಯವರು ಮರಿಯನ್ನು ಸಿಕ್ಕ ಜಾಗದಲ್ಲೇ ಇಟ್ಟು, ರಾತ್ರಿ ತಾಯಿ ಬಂದು ಒಯ್ಯುವ ಹಾಗೆ ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಅಂದ ಹಾಗೆ, ಮೈಸೂರು ಝೂಗೆ ಸೇರಿದ ರೆಸ್ಕ್ಯೂ ಸೆಂಟರ್ ಕೂರ್ಗಳ್ಳಿಯಲ್ಲಿದೆ. ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಬಿಡದಿರುವುದೇ ಸರಿ.

ಒಳಗೆ ಹೇಗಿರಬೇಕು ಅನ್ನೋದು ಎಲ್ಲರಿಗೂ ಗೊತ್ತು, ಆದರೂ ಕಳೆದ ಸಲ ನಮ್ಮ ಜೊತೆ ಬಂದಿದ್ದ ನೆಂಟರೊಬ್ಬರು ಕೋತಿಗೆ ಕಡಲೆಕಾಯಿ ಎಸೆದೇಬಿಟ್ಟರು. ಪ್ರಾಣಿಯನ್ನು ರೇಗಿಸುವುದು, ತಿಂಡಿ ಹಾಕುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಗಾಜು ತಟ್ಟಬೇಡಿ, ಶಿಳ್ಳೆ ಹೊಡೆಯಬೇಡಿ.

ದುಡ್ಡು ಕೊಡುವ ಮನಸ್ಸಿದ್ದರೆ ದತ್ತು ಯೋಜನೆ 2001ರಿಂದ ಇದೆ. ಪ್ರಾಣಿ ಮನೆಗೆ ಬರುವುದಿಲ್ಲ, ನಿಗದಿತ ಅವಧಿಗೆ ಅದರ ಆಹಾರ, ಆರೈಕೆಯ ಖರ್ಚಿಗೆ ನೀವು ಕೈಜೋಡಿಸುತ್ತೀರಿ. ಆನೆಯಂಥ ದೊಡ್ಡ ಪ್ರಾಣಿಗೆ ಲಕ್ಷದ ಲೆಕ್ಕ, ಸಣ್ಣ ಹಕ್ಕಿಗಳಿಗೆ ಸಾವಿರದ ಲೆಕ್ಕ, ಈಗಿನ ದರ ಝೂ ಕಚೇರಿಯಲ್ಲೇ ಕೇಳಿ. ರಸೀದಿ ಇಟ್ಟುಕೊಳ್ಳಿ, ತೆರಿಗೆ ವಿನಾಯಿತಿಗೆ ಬೇಕಾಗಬಹುದು. ಹುಲಿ, ಆನೆಗೆ ಹೇಗೂ ಯಾರಾದರೂ ಸಿಗುತ್ತಾರೆ. ಹುಟ್ಟುಹಬ್ಬದ ಕೇಕಿನ ದುಡ್ಡು ಉಳಿಸಿ ಏನಾದರೂ ಮಾಡುವುದಿದ್ದರೆ, ಯಾರೂ ಫೋಟೋ ತೆಗೆಯದ ಗೂಬೆಯನ್ನೋ ಆಮೆಯನ್ನೋ ಕೇಳಿ ನೋಡಿ.