ಶುಲ್ಕ ವಿನಾಯಿತಿ ಸೀಟಿಗಾಗಿ ಮತ್ತೆ ಸಿಇಟಿ ಬರೆದೆ

2024ರಲ್ಲಿ ಮೊದಲ ಸಲ ಸಿಇಟಿ ಬರೆದಾಗಲೇ ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಬೆಂಗಳೂರಿನ ಖಾಸಗಿ ಕಾಲೇಜು, ಸಿಇಟಿ ಕೋಟಾದ ಫೀಸು. ಅದಕ್ಕೆ ಹಾಸ್ಟೆಲ್ ಖರ್ಚು ಸೇರಿಸಿದರೆ ನಮ್ಮ ಮನೆಗೆ ಎಟುಕುವ ಮಾತಾಗಿರಲಿಲ್ಲ. ಅಪ್ಪ ಶಿಡ್ಲಘಟ್ಟದಲ್ಲಿ ರೀಲರ್. ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಕೊಂಡು ನೂಲು ತೆಗೆಸುತ್ತಾರೆ. ಗೂಡಿನ ರೇಟು ಏರಿತೆಂದು ನೂಲಿನ ರೇಟೂ ಏರುತ್ತೆ ಅನ್ನುವ ಭರವಸೆ ಇಲ್ಲ. ನಾಲ್ಕು ವರ್ಷದ ಫೀಸಿಗೆ ಅಂಥ ದುಡಿಮೆಯನ್ನು ನಂಬಿ ಸಾಲ ಮಾಡುವುದು ಬೇಡ ಅನ್ನಿಸಿತು. ಕೌನ್ಸೆಲಿಂಗ್‌ನಲ್ಲಿ ಸೀಟು ಬೇಡ ಅನ್ನುವ ಆಯ್ಕೆ 4 ಒತ್ತಿ ಹೊರಬಂದೆ.

ನನ್ನ ಕಣ್ಣಿದ್ದದ್ದು ಎಸ್‌ಎನ್‌ಕ್ಯೂ ಸೀಟಿನ ಮೇಲೆ. ಸೂಪರ್ ನ್ಯೂಮರರಿ ಕೋಟಾ ಅಂತ ಅದರ ಪೂರ್ತಿ ಹೆಸರು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಬೋಧನಾ ಶುಲ್ಕ ವಿನಾಯಿತಿ ಯೋಜನೆ ಇದು. ಬ್ರಾಂಚಿಗೆ ಮಂಜೂರಾದ ಸೀಟುಗಳ ಜೊತೆಗೆ ಶೇ. 5ರಷ್ಟು ಹೆಚ್ಚುವರಿ ಸೀಟು ಕೊಡುತ್ತಾರೆ. ಅಂದರೆ 60 ಸೀಟಿನ ಬ್ರಾಂಚಿಗೆ 3. ಮನೆಯ ವರ್ಷದ ಆದಾಯ 8 ಲಕ್ಷ ರೂಪಾಯಿ ಮೀರಬಾರದು. ಬೋಧನಾ ಶುಲ್ಕ ಮಾಫಿ, ಉಳಿದ ಶುಲ್ಕಗಳನ್ನು ನಾವೇ ಕಟ್ಟಬೇಕು. ಆದಾಯ ಕಡಿಮೆ ಇದ್ದ ಮಾತ್ರಕ್ಕೆ ಸಿಗುವುದಿಲ್ಲ, ಹಂಚುವುದು ರ‍್ಯಾಂಕ್ ನೋಡಿಯೇ. ಮೂರು ಸೀಟಿಗೆ ಎಷ್ಟು ಜನ ಕಾದಿರುತ್ತಾರೆ ಯೋಚನೆ ಮಾಡಿ. ನನ್ನ ರ‍್ಯಾಂಕ್ ಐದಂಕಿಯಲ್ಲಿತ್ತು. ಅದನ್ನು ನಾಲ್ಕಂಕಿಗೆ ಇಳಿಸಬೇಕಿತ್ತು.

ಚಿಕ್ಕಪ್ಪ ಬಂದು ಅಪ್ಪನ ಹತ್ತಿರ, "ಏನಣ್ಣಾ, ಹುಡುಗೀನ ಒಂದು ವರ್ಷ ಸುಮ್ನೆ ಮನೇಲಿ ಕೂರಿಸ್ತೀಯಾ?" ಅಂದರು. ಅವರಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಎರಡನೇ ಸಲ ಬರೆಯಬೇಕೆಂದಿರುವವರು ಮೊದಲು ಮಾಡಬೇಕಾದ ಕೆಲಸ ಇದೇ ಅಂತ ನನ್ನ ಅಭಿಪ್ರಾಯ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕದಿಂದ ಅರ್ಧ, ಸಿಇಟಿಯಿಂದ ಅರ್ಧ ತೆಗೆದುಕೊಳ್ಳುತ್ತಾರೆ. ಪಿಯುಸಿಯಲ್ಲಿ ನನಗೆ 300ಕ್ಕೆ 270 ಬಂದಿತ್ತು. ಅಂದರೆ 50ಕ್ಕೆ 45. ಸಿಇಟಿಯಲ್ಲಿ ಶೇ. 50ರ ಆಸುಪಾಸು, ಅಂದರೆ 50ಕ್ಕೆ 25. ಒಟ್ಟು 70. ಪಿಯುಸಿ ಮತ್ತೆ ಬರೆದು ನೂರಕ್ಕೆ ನೂರು ತೆಗೆದರೂ ಏರುವುದು ಐದೇ ಅಂಕ. ಸಿಇಟಿ ಕಡೆ 25 ಅಂಕ ಖಾಲಿ ಬಿದ್ದಿದೆ. ಅಲ್ಲಿ 180 ಪ್ರಶ್ನೆಯಲ್ಲಿ 36 ಜಾಸ್ತಿ ಸರಿ ಮಾಡಿದರೆ ಒಟ್ಟು 70 ಇದ್ದದ್ದು 80 ಆಗುತ್ತೆ. ಒಂದು ಪೇಪರಿಗೆ ಬರೀ 12 ಪ್ರಶ್ನೆ. ಚಿಕ್ಕಪ್ಪನಿಗೆ ಲೆಕ್ಕ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಹನ್ನೆರಡು ಅನ್ನುವ ಸಂಖ್ಯೆ ಮಾತ್ರ ಅವರಿಗೆ ಹಿಡಿಸಿತು.

ನಿಮ್ಮ ಲೆಕ್ಕ ಇದಕ್ಕೆ ಉಲ್ಟಾ ಇರಬಹುದು. ಸಿಇಟಿಯಲ್ಲಿ ಆಗಲೇ ಶೇ. 75 ಬಂದು ಪಿಯುಸಿ ಅಂಕವೇ ಕಡಿಮೆ ಇದ್ದರೆ, ಬರೀ ಸಿಇಟಿಗಾಗಿ ಒಂದು ವರ್ಷ ಕೊಡಿ ಅಂತ ನಾನು ಹೇಳಲ್ಲ.

ನಮ್ಮ ಬ್ಯಾಚಿನ ಇನ್ನೊಂದು ಕಥೆಯೂ ಇದೆ. 2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಭಾಗದಿಂದ ಪ್ರಶ್ನೆ ಬಂದು ದೊಡ್ಡ ಗಲಾಟೆಯಾಯಿತು. ಕೊನೆಗೆ ಬಯಾಲಜಿಯೂ ಸೇರಿ ನಾಲ್ಕು ವಿಷಯದಿಂದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಟ್ಟರು. ಆ ಪ್ರಶ್ನೆಗಳ ಮೇಲೆ ಹೋದ ಸಮಯವನ್ನು ಮಾತ್ರ ಯಾರೂ ವಾಪಸ್ ಕೊಡಲಿಲ್ಲ. ಅದಾದ ಮೇಲೆ ಪಠ್ಯಕ್ರಮದ ಪಟ್ಟಿಯನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿಕೊಂಡೆ. ಹಳೆ ಪ್ರಶ್ನೆಪತ್ರಿಕೆ ಬಿಡಿಸುವಾಗ ಪಟ್ಟಿಯಲ್ಲಿ ಇಲ್ಲದ್ದನ್ನು ಹೊಡೆದು ಹಾಕುತ್ತಿದ್ದೆ.

ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಲಿಲ್ಲ. ಫೀಸು ಉಳಿಸಲೆಂದು ಬರೆಯುವ ಪರೀಕ್ಷೆಗೆ ಅಷ್ಟು ಫೀಸು ಕೊಡುವುದು ಯಾವ ನ್ಯಾಯ? ಮನೆಯಲ್ಲಿ ಬೆಳಿಗ್ಗೆಯಿಂದ ರೀಲಿಂಗ್ ಮೆಷಿನ್ ಸದ್ದು, ಗೂಡು ಬೇಯುವ ವಾಸನೆ. ನನಗೆ ವಾಸನೆ ಅಭ್ಯಾಸ, ಸದ್ದು ಮಾತ್ರ ಆಗುತ್ತಿರಲಿಲ್ಲ. ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಹಳೆ ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡೂ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗುತ್ತವೆ. ತಿಳಿಯದೇ ಹೋದದ್ದನ್ನು ಪಿಯು ಕಾಲೇಜಿನ ಮ್ಯಾಥ್ಸ್ ಮೇಡಂ ಹತ್ತಿರ ಕೇಳುತ್ತಿದ್ದೆ. ಅವರು ಬೇಸರವಿಲ್ಲದೆ ಹೇಳಿಕೊಟ್ಟರು.

ಓದಿಗಿಂತ ಜಾಸ್ತಿ ಬದಲಾಗಬೇಕಿದ್ದದ್ದು ಕೈ. ಪಿಯುಸಿಯಲ್ಲಿ ಸ್ಟೆಪ್ ಬರೆದರೆ ಅಂಕ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಒಂದಕ್ಕೆ 80 ಸೆಕೆಂಡ್, ಅದರಲ್ಲೇ ಓಎಂಆರ್ ಉತ್ತರ ಹಾಳೆಯ ಗುಂಡಿಯನ್ನೂ ತುಂಬಬೇಕು. ಮ್ಯಾಥ್ಸ್‌ನಲ್ಲಿ ಆಯ್ಕೆಗಳಿಂದ ಹಿಂದಕ್ಕೆ ಹೋಗುವುದನ್ನು ಕಲಿತೆ. ಇಂಟಿಗ್ರೇಷನ್ ಪ್ರಶ್ನೆ ಬಂದರೆ ಕೊಟ್ಟ ಆಯ್ಕೆಯನ್ನೇ ಡಿಫರೆನ್ಷಿಯೇಟ್ ಮಾಡಿ ನೋಡುವುದು. ತ್ರಿಕೋನಮಿತಿಯಲ್ಲಿ ಥೀಟಾ ಬದಲು 30 ಡಿಗ್ರಿ ಹಾಕಿ ಯಾವ ಆಯ್ಕೆ ಹೊಂದುತ್ತೆ ಅಂತ ನೋಡುವುದು. ಎರಡು ಆಯ್ಕೆ ಹೊಂದಿದರೆ ಇನ್ನೊಂದು ಕೋನ ಹಾಕುವುದು. ಇದನ್ನು ಕೆಲವರು ಕಳ್ಳದಾರಿ ಅಂತಾರೆ. ಆಯ್ಕೆ ಕೊಟ್ಟವರು ಅವರೇ ಅಲ್ವಾ?

ಪೇಪರನ್ನು ಮೂರು ಸುತ್ತಿನಲ್ಲಿ ಮುಗಿಸುತ್ತಿದ್ದೆ. ನೋಡಿದ ಕೂಡಲೇ ಹೊಳೆಯುವವು ಮೊದಲು. ಸ್ವಲ್ಪ ಲೆಕ್ಕ ಬೇಕಾದವು ಆಮೇಲೆ. ನೆಗೆಟಿವ್ ಅಂಕ ಇಲ್ಲ, ಹಾಗಾಗಿ ಕೊನೆಗೆ ಉಳಿದದ್ದಕ್ಕೂ ಒಂದು ಗುಂಡಿ ತುಂಬಿಯೇ ಏಳುವುದು. ಪ್ರಥಮ ಪಿಯುಸಿಯ ಪಾಠದಿಂದಲೂ ಪ್ರಶ್ನೆ ಬರುತ್ತವೆ. ದ್ವಿತೀಯ ಪಿಯುಸಿ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಅದನ್ನೇ. ನನಗೆ ಬೇಕಿದ್ದ ಹನ್ನೆರಡರಲ್ಲಿ ಹೆಚ್ಚಿನವು ಅಲ್ಲೇ ಸಿಕ್ಕವು.

ಅಣಕು ಪರೀಕ್ಷೆಯನ್ನು ಬೆಳಿಗ್ಗೆ 10.30ಕ್ಕೆ, ಮಧ್ಯಾಹ್ನ 2.30ಕ್ಕೇ ಬರೆಯುತ್ತಿದ್ದೆ. ನಿಜವಾದ ಪರೀಕ್ಷೆಯ ಸಮಯ ಅದು. ಮುದ್ದೆ ಉಂಡು 2.30ಕ್ಕೆ ಕೆಮಿಸ್ಟ್ರಿಗೆ ಕೂತರೆ ಏನಾಗುತ್ತೆ ಅಂತ ಒಮ್ಮೆ ನೀವೂ ನೋಡಿ. 2025ರ ಏಪ್ರಿಲ್ 16ಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ ಒಂದೇ ದಿನ ಇದ್ದವು. ಅವತ್ತು ಮಧ್ಯಾಹ್ನಕ್ಕೆ ಮೊಸರನ್ನ ಅಷ್ಟೇ.

ರ‍್ಯಾಂಕ್ ನಾಲ್ಕಂಕಿಗೆ ಬಂತು. ಆದರೆ ಕಂಪ್ಯೂಟರ್ ಸೈನ್ಸ್ ಎಸ್‌ಎನ್‌ಕ್ಯೂಗೆ ಅದೂ ಸಾಲಲಿಲ್ಲ. ಎಲೆಕ್ಟ್ರಾನಿಕ್ಸ್ ಸಿಕ್ಕಿತು, ಯಲಹಂಕ ಕಡೆಯ ಕಾಲೇಜಿನಲ್ಲಿ. ಈ ಸೀಟು ತೆಗೆದುಕೊಂಡ ಮೇಲೆ ಕಾಲೇಜಾಗಲಿ ಬ್ರಾಂಚಾಗಲಿ ಬದಲಾಯಿಸುವಂತಿಲ್ಲ, ಅದಕ್ಕೇ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಬ್ರಾಂಚು ಪಟ್ಟಿ ಮಾಡುವಾಗ, ನಿಜವಾಗಿ ಓದಲು ಇಷ್ಟವಿದ್ದವನ್ನು ಮಾತ್ರ ಹಾಕಿದ್ದೆ. ನಮ್ಮ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಅಂದ ತಕ್ಷಣ ಯಾರಾದರೂ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರು ಎತ್ತುತ್ತಾರೆ. ಸಿವಿಲ್ ಯಾಕೆ ತಗೊಳ್ಳಲಿಲ್ಲ ಅಂತ ಈಗಲೂ ಕೇಳುತ್ತಾರೆ.

ಹಾಸ್ಟೆಲ್ ಬೇಕಾಗಲಿಲ್ಲ. ವಿಜಯಪುರ, ದೇವನಹಳ್ಳಿ ದಾಟಿ ಬಸ್ಸಿನಲ್ಲೇ ಓಡಾಡುತ್ತೇನೆ. ಶಕ್ತಿ ಯೋಜನೆ ಇರುವುದರಿಂದ ಟಿಕೆಟ್ಟಿಗೂ ದುಡ್ಡು ಕೊಡಬೇಕಿಲ್ಲ.

ಕಾಗದಪತ್ರದ ವಿಷಯ ಕೊನೆಗೆ ಹೇಳುತ್ತಿದ್ದೇನೆ, ಆದರೆ ನೀವು ಮೊದಲೇ ಮಾಡಿಕೊಳ್ಳಿ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅದರ ಮೇಲಿನ ಆರ್‌ಡಿ ನಂಬರನ್ನು ಸಿಇಟಿ ಅರ್ಜಿಯಲ್ಲಿ ಹಾಕಬೇಕು. ಅದರಲ್ಲಿರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿನ ಜೊತೆ ಹೊಂದುತ್ತಾ ಅಂತ ಇನಿಷಿಯಲ್ ಸಮೇತ ನೋಡಿಕೊಳ್ಳಿ. ತಿದ್ದುಪಡಿ ಬೇಕಿದ್ದರೆ ಅರ್ಜಿ ಕರೆಯುವ ಮೊದಲೇ ಮುಗಿಸಿ. ಆಮೇಲೆ ಹೋದರೆ ಅಲ್ಲಿ ನಿಮ್ಮಂಥವರದೇ ದೊಡ್ಡ ಸಾಲು ಇರುತ್ತೆ.