ಸೋರುವ ಮನೆಗೆ ಸಾಲ ಹುಡುಕಿದ್ದು

ಮನೆ ಕೊಂಡ ಮೊದಲ ಮಳೆಗಾಲದಲ್ಲಿ ನಮ್ಮ ಹಾಲ್‌ನಲ್ಲಿ ಹನ್ನೊಂದು ಪಾತ್ರೆ ಇಟ್ಟಿದ್ದೆವು. ಒಂದೊಂದಕ್ಕೂ ಒಂದೊಂದು ಸದ್ದು. ಇಡ್ಲಿ ಪಾತ್ರೆಯದ್ದು ಎಲ್ಲಕ್ಕಿಂತ ಜೋರು.

ಶಿವಮೊಗ್ಗದ ಹಳೇ ಬಡಾವಣೆಯಲ್ಲಿರುವ ಮಂಗಳೂರು ಹಂಚಿನ ಮನೆ ಅದು. 30-40 ಸೈಟು. 2022ರ ಮಾರ್ಚ್‌ನಲ್ಲಿ 28 ಲಕ್ಷಕ್ಕೆ ಕೊಂಡೆವು. ಮಾರ್ಚ್‌ನಲ್ಲಿ ನೋಡಿದರೆ ಯಾವ ಮನೆ ತಾನೇ ಸೋರುತ್ತದೆ, ಹೇಳಿ? ಸಾಲ ಕೊಡುವ ಮೊದಲು ಬ್ಯಾಂಕಿನವರು ಒಬ್ಬ ಎಂಜಿನಿಯರ್‌ನನ್ನು ಕಳಿಸಿದ್ದರು. ಸಾಲದ ಅವಧಿಗಿಂತ ಕಟ್ಟಡ ಜಾಸ್ತಿ ಬಾಳಬೇಕು ಅನ್ನುವುದು ಅವರ ಲೆಕ್ಕ. ನಮ್ಮದು 20 ವರ್ಷದ ಸಾಲ. ಮನೆ ಇನ್ನೂ 25 ವರ್ಷ ಬಾಳುತ್ತದೆ ಅಂತ ಆತ ಬರೆದುಕೊಟ್ಟ. ಗೋಡೆಗೆ ಆ ಮಾತು ನಿಜವೇ. ಚಾವಣಿಯ ಹಂಚು ಹೊರುವ ಮರದ ರೀಪು, ಪಕಾಸಿಗಳನ್ನು ಗೆದ್ದಲು ತಿಂದಿದ್ದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಕೈಯಲ್ಲಿ ದುಡ್ಡಿರಲಿಲ್ಲ. 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ 90ರವರೆಗೂ ಕೊಡಬಹುದು ಅಂತ ಆರ್‌ಬಿಐ ನಿಯಮ ಇದೆ. ಆದರೆ ಅದು ಗರಿಷ್ಠ ಮಿತಿ, ಅಷ್ಟು ಕೊಡಲೇಬೇಕು ಅಂತೇನಿಲ್ಲ. ನಮಗೆ ಸಿಕ್ಕಿದ್ದು ಶೇ 80, ಅಂದರೆ 22.4 ಲಕ್ಷ. ಉಳಿದ 5.6 ಲಕ್ಷ ನಮ್ಮ ಜೇಬಿನಿಂದ. ಅದರ ಮೇಲೆ ಆಗಿನ ದರದಲ್ಲಿ ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಎಲ್ಲ ಸೇರಿ ಶೇ 6.6. ಅದೇ 1.85 ಲಕ್ಷ ಆಯಿತು. ಉಳಿತಾಯ ಖಾತೆ ಖಾಲಿ. ಕೊಳ್ಳುವಾಗಲೇ ಒಬ್ಬ ಬಡಗಿಯನ್ನು ಅಟ್ಟ ಹತ್ತಿಸಿದ್ದರೆ ಬೆಲೆಯಲ್ಲಿ ಚೌಕಾಸಿ ಮಾಡಬಹುದಿತ್ತು, ರಿಪೇರಿಗೂ ಸೇರಿಸಿ ಒಂದೇ ಸಲ ಸಾಲ ಕೇಳಬಹುದಿತ್ತು. ನಾವು ಗೇಟಿಗೆ ಬಣ್ಣ ಯಾವುದು ಅಂತ ಮಾತಾಡುತ್ತಾ ಕೂತಿದ್ದೆವು.

ಮೊದಲು ಹೋಗಿದ್ದು ಸರ್ಕಾರದ ಸಹಾಯ ಏನಾದರೂ ಇದೆಯಾ ಅಂತ ಕೇಳಲು. ನಮ್ಮಂಥವರಿಗೆ ಏನೂ ಇರಲಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಡ್ಡಿ ಸಬ್ಸಿಡಿ ಕೊಡುತ್ತಿದ್ದ ಭಾಗ 2022ರ ಮಾರ್ಚ್ 31ಕ್ಕೇ ಮುಗಿದಿತ್ತು. 2024ರಲ್ಲಿ ನಗರಗಳಿಗೆ ಅದರ ಎರಡನೇ ಸುತ್ತು ಶುರುವಾಗಿದೆ, ನಿಜ. ಅದು ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದವರಿಗೆ. ಸೋರಿದರೂ ನಮ್ಮದು ಪಕ್ಕಾ ಮನೆಯೇ ಅಲ್ವಾ!

ಅಷ್ಟರಲ್ಲಿ ಫೋನ್ ಬರತೊಡಗಿತು. ಪರ್ಸನಲ್ ಲೋನ್, ಕಾಗದ ಬೇಡ, ನಾಳೆಯೇ ದುಡ್ಡು. 4 ಲಕ್ಷಕ್ಕೆ ಶೇ 14, ಐದು ವರ್ಷ, ಕಂತು 9,307 ರೂಪಾಯಿ. ಮನೆ ಸಾಲದ ಕಂತೇ 19 ಸಾವಿರ ದಾಟಿತ್ತು. ಅದರ ಮೇಲೆ ಇದು ನಮ್ಮಿಬ್ಬರ ಸಂಬಳಕ್ಕೆ ಆಗುವ ಮಾತಾಗಿರಲಿಲ್ಲ. ಹೆಂಡತಿ ಬೇಡ ಅಂದಳು. ಪುಣ್ಯಕ್ಕೆ ನಾನು ಅವಳ ಮಾತು ಕೇಳಿದೆ.

ದಾರಿ ತೋರಿಸಿದ್ದು ಪರಿಚಯದ ಸಿವಿಲ್ ಎಂಜಿನಿಯರ್. "ಸುಮ್ನೆ ದುಡ್ಡು ಹುಡುಕಬೇಡಿ, ಮೊದಲು ಎಸ್ಟಿಮೇಟ್ ಮಾಡಿಸಿ" ಅಂದರು. 3,000 ರೂಪಾಯಿ ತಗೊಂಡು ನಾಲ್ಕು ಪುಟ ಬರೆದುಕೊಟ್ಟರು. ಮೊದಲ ಮೊತ್ತ 7.8 ಲಕ್ಷ. ಇಬ್ಬರೂ ಕೂತು ಗೀಟು ಎಳೆಯುತ್ತಾ ಹೋದೆವು. ಟೈಲ್ಸ್ ಬೇಡ, ಕಾವಿ ನೆಲ ಹಾಗೇ ಇರಲಿ. ಹಳೇ ಹಂಚಿನಲ್ಲಿ ಮೂರನೇ ಎರಡು ಭಾಗ ತೊಳೆದು ಮತ್ತೆ ಹೊದಿಸಬಹುದು. ಮರದ ರೀಪಿನ ಬದಲು ಕಬ್ಬಿಣದ ಪೈಪು. ವೈರಿಂಗ್ ಮತ್ತು ಬಚ್ಚಲುಮನೆ ಮಾತ್ರ ಬಿಡುವ ಹಾಗಿರಲಿಲ್ಲ. ಕೊನೆಗೆ 6.4 ಲಕ್ಷಕ್ಕೆ ಬಂತು. ಆ ನಾಲ್ಕು ಪುಟ ಆಮೇಲೆ ಎಲ್ಲ ಕಡೆ ಕೆಲಸಕ್ಕೆ ಬಂದವು.

ಅದನ್ನು ಹಿಡಿದುಕೊಂಡು ಗೃಹಸಾಲ ಕೊಟ್ಟ ಬ್ಯಾಂಕಿಗೇ ಹೋದೆ. ಮನೆ ರಿಪೇರಿ ಸಾಲ ಅಂತಲೇ ಬೇರೆ ಇದೆ, ಬಡ್ಡಿ ಹೆಚ್ಚು ಕಡಿಮೆ ಗೃಹಸಾಲದಷ್ಟೇ. ಮೂಲ ಪತ್ರಗಳು ಅವರ ಹತ್ತಿರವೇ ಇದ್ದವು, ಹಾಗಾಗಿ ಓಡಾಟ ಕಡಿಮೆ. ಒಂದೇ ತೊಡಕು, ಮನೆಯ ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ಹಳೇ ಮಾಲೀಕರ ಹೆಸರಿನಲ್ಲಿತ್ತು. ನೋಂದಣಿ ಆದ ಕೂಡಲೇ ಅರ್ಜಿ ಹಾಕಬೇಕಿತ್ತು, ನಾನು ಹಾಕಿರಲಿಲ್ಲ. ಅದಕ್ಕೇ ಮೂರು ತಿಂಗಳು ಹೋಯಿತು. ಖಾತೆ ಬಂದ ಮೇಲೆ 4 ಲಕ್ಷ ಮಂಜೂರಾಯಿತು. ಶೇ 9, ಹತ್ತು ವರ್ಷ, ಕಂತು 5,067.

ಇಲ್ಲೊಂದು ಲೆಕ್ಕ ಹೇಳಲೇಬೇಕು. ಹತ್ತು ವರ್ಷ ಪೂರ್ತಿ ಕಟ್ಟಿದರೆ ಒಟ್ಟು 6.08 ಲಕ್ಷ ಆಗುತ್ತದೆ. ಆ ಪರ್ಸನಲ್ ಲೋನ್ ಐದು ವರ್ಷದಲ್ಲಿ 5.58 ಲಕ್ಷಕ್ಕೇ ಮುಗಿಯುತ್ತಿತ್ತು! ಬಡ್ಡಿ ದರ ಕಡಿಮೆ ಅಂತ ಖುಷಿಪಟ್ಟು ಅವಧಿ ಮರೆತರೆ ಹೀಗೇ. ಆದರೆ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಕಂತು ಚಿಕ್ಕದಿರಲಿ, ಬೋನಸ್ ಬಂದಾಗಲೆಲ್ಲ ಅಸಲಿಗೆ ಕಟ್ಟೋಣ ಅಂತ ತೀರ್ಮಾನಿಸಿದೆವು. ಇದುವರೆಗೆ ಎರಡು ಸಲ ಕಟ್ಟಿದ್ದೇವೆ.

ಎರಡನೆಯದು ಪಿಎಫ್. ಆಗಿನ ನಿಯಮದಂತೆ ಕಟ್ಟಿ ಐದು ವರ್ಷವಾದ ಮನೆಯ ರಿಪೇರಿಗೆ ಮುಂಗಡ ತೆಗೆಯಬಹುದಿತ್ತು. ಹನ್ನೆರಡು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಬಡ್ಡಿ ಸೇರಿ ನಮ್ಮ ಪಾಲಿನ ಹಣ, ರಿಪೇರಿಯ ಖರ್ಚು, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು. ನನಗೆ 1.9 ಲಕ್ಷ ಸಿಕ್ಕಿತು. ಮೊದಲ ಅರ್ಜಿ ವಾಪಸ್ ಬಂದಿತ್ತು, ಪಾಸ್‌ಬುಕ್ ಫೋಟೊ ಮಸುಕಾಗಿ ತೆಗೆದಿದ್ದೆ. ಇದು ಸಾಲವಲ್ಲ, ತೀರಿಸಬೇಕಿಲ್ಲ. ಹಾಗಂತ ಪುಕ್ಕಟೆಯೂ ಅಲ್ಲ, ನನ್ನ ಮುಪ್ಪಿನ ದುಡ್ಡು. ಮುಂಗಡದ 13 ಬಗೆಯ ನಿಯಮಗಳನ್ನು ಒಟ್ಟುಗೂಡಿಸಿ, ಶೇ 25ರಷ್ಟು ಹಣ ಖಾತೆಯಲ್ಲೇ ಉಳಿಸಬೇಕು ಅಂತ 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ತೀರ್ಮಾನಿಸಿದೆ. ಈಗ ತೆಗೆಯುವವರು ಹೊಸ ನಿಯಮ ನೋಡಿಕೊಳ್ಳಿ.

ಹೆಂಡತಿ ಕಟ್ಟುತ್ತಿದ್ದ 50 ಸಾವಿರದ ಚೀಟಿಯನ್ನು ಕೂಗಿದಾಗ ಕೈಗೆ 43 ಸಾವಿರ ಬಂತು. ಉಳಿದ ಚಿಲ್ಲರೆ ಸಂಬಳದಲ್ಲಿ.

ದುಡ್ಡು ಹೊಂದಿತು, ಆದರೂ ಕೆಲಸ ಶುರುವಾಗಲಿಲ್ಲ. ಬ್ಯಾಂಕು ಕೆಲಸ ಆದಷ್ಟಕ್ಕೆ ಬಿಲ್ ನೋಡಿ ಹಣ ಬಿಡುತ್ತದೆ. ಮೇಸ್ತ್ರಿಗೆ ಮುಂಗಡ ಬೇಕು, ಕಬ್ಬಿಣದಂಗಡಿಗೆ ನಗದು ಬೇಕು. ಈ ನಡುವಿನ ಹಳ್ಳ ದಾಟಲು ಬಳೆ ಅಡವಿಟ್ಟು 1.2 ಲಕ್ಷ ತಂದೆವು. ಬ್ಯಾಂಕಿನ ಕೊನೆಯ ಕಂತು ಬಂದ ವಾರವೇ ಬಳೆ ಬಿಡಿಸಿದೆವು. ನಾಲ್ಕು ತಿಂಗಳ ಬಡ್ಡಿ ಹೋಯಿತು, ಎಸ್ಟಿಮೇಟ್‌ನಲ್ಲಿ ಅದಕ್ಕೊಂದು ಸಾಲು ಇರಲಿಲ್ಲ.

ತೆರಿಗೆಯಲ್ಲಿ ದೊಡ್ಡ ಲಾಭ ಅಂದುಕೊಂಡಿದ್ದು ಸುಳ್ಳಾಯಿತು. ಹಳೇ ಪದ್ಧತಿಯಲ್ಲಿ ನಾವೇ ವಾಸವಿರುವ ಮನೆಯ ರಿಪೇರಿ ಸಾಲದ ಬಡ್ಡಿಗೆ ವರ್ಷಕ್ಕೆ 30 ಸಾವಿರದವರೆಗೆ ವಿನಾಯಿತಿ ಇದೆ. ಆದರೆ ಅದು ಗೃಹಸಾಲದ ಬಡ್ಡಿಯ 2 ಲಕ್ಷದ ಮಿತಿಯೊಳಗೇ. ನನ್ನ ಗೃಹಸಾಲದ ಬಡ್ಡಿಯೇ 1.9 ಲಕ್ಷದ ಹತ್ತಿರ ಇತ್ತು. ಮಿಕ್ಕಿದ್ದು 10 ಸಾವಿರ ಚಿಲ್ಲರೆ.

2023ರ ಜನವರಿಯಲ್ಲಿ ಹಂಚು ಇಳಿಸಿ, ಮೇ ಮೊದಲ ವಾರಕ್ಕೆ ಮುಗಿಸಿದೆವು. ಜೂನ್‌ನ ಮೊದಲ ದೊಡ್ಡ ಮಳೆಗೆ ರಾತ್ರಿ ಇಬ್ಬರೂ ಎದ್ದು ಟಾರ್ಚ್ ಹಿಡಿದು ಮನೆಯೆಲ್ಲ ಸುತ್ತಿದೆವು. ಅಡುಗೆಮನೆಯ ಮೂಲೆಯಲ್ಲಿ ಮಾತ್ರ ಒಂದು ಹನಿ. ಇಡ್ಲಿ ಪಾತ್ರೆ ತಂದಿಟ್ಟು ಮಲಗಿದೆವು. ಮಾರನೇ ದಿನ ಮೇಸ್ತ್ರಿ ಬಂದು ಒಂದು ಹಂಚು ಸರಿಸಿ ಹೋದ. ದುಡ್ಡು ಕೇಳಲಿಲ್ಲ, ಕಾಫಿ ಕುಡಿದ.